ಮತ್ತೆ ತಕ್ಕಡಿಯ ಮುಂದೆ

ಆ ಅರ್ಜಿಯಲ್ಲಿ ‘ಹುದ್ದೆ ಬದಲಾವಣೆಗೆ ಕಾರಣ’ ಎಂಬ ಕಾಲಂ ಇತ್ತು. ಒತ್ತಿದರೆ ನಾಲ್ಕು ಆಯ್ಕೆ: ಬಡ್ತಿ, ವರ್ಗಾವಣೆ, ಶಿಸ್ತುಕ್ರಮ, ಇತರೆ. ನಾನು ‘ಇತರೆ’ ಒತ್ತಿದೆ. ಪಕ್ಕದಲ್ಲಿ ವಿವರ ಬರೆಯಲು ಒಂದು ಸಾಲಿನಷ್ಟು ಜಾಗ. ‘ಸ್ವಂತ ಕೋರಿಕೆಯ ಮೇರೆಗೆ ಹಿಂದಿನ ಹುದ್ದೆಗೆ’ ಎಂದು ಬರೆದು ಕಳಿಸಿದೆ. ಮರುದಿನ ಬೆಳಿಗ್ಗೆ ಎಚ್‌ಆರ್ ವಿಭಾಗದಿಂದ ಫೋನು.

“ಮೇಡಂ, ಇದು ತಪ್ಪಾಗಿ ಬಂದಿದೆ ಅನ್ನಿಸುತ್ತೆ. ನೀವು ಮ್ಯಾನೇಜರ್ ಅಲ್ವಾ? ಸೀನಿಯರ್ ಎಂಜಿನಿಯರ್ ಅಂತ ತುಂಬಿದೀರಿ.”

ತಪ್ಪಾಗಿಲ್ಲ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, “ಏನಾದ್ರೂ ತೊಂದರೆ ಆಯ್ತಾ ಮೇಡಂ?” ಮುಂದಿನ ತಿಂಗಳುಗಳಲ್ಲಿ ಈ ಪ್ರಶ್ನೆಯನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ ಲೆಕ್ಕವಿಲ್ಲ.

ನನ್ನ ಕೆಲಸ ತೂಕದ್ದು. ಔಷಧ ತಯಾರಿಸುವವರು, ಪ್ರಯೋಗಾಲಯದವರು, ತಕ್ಕಡಿ ರಿಪೇರಿ ಮಾಡುವವರು ತಮ್ಮ ತೂಕದ ಬಟ್ಟುಗಳನ್ನು ನಮ್ಮ ಕ್ಯಾಲಿಬ್ರೇಶನ್ ಲ್ಯಾಬಿಗೆ ಕಳಿಸುತ್ತಾರೆ. ಒಂದೊಂದು ಬಟ್ಟು ನಿಜವಾಗಿ ಎಷ್ಟು ತೂಗುತ್ತದೆ, ಆ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಬರೆದು ನಾವು ಪ್ರಮಾಣಪತ್ರ ಕೊಡುತ್ತೇವೆ. ಬಹಳ ನಿಖರವಾದ ಬಟ್ಟುಗಳ ದರ್ಜೆಯಾದ ಇ2 ವರ್ಗದ ಒಂದು ಕಿಲೋ ಬಟ್ಟಿಗೆ ಇರುವ ಮಿತಿ ಆಚೀಚೆ 1.6 ಮಿಲಿಗ್ರಾಂ, ಅಷ್ಟೇ. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡು ಅಂಟುತ್ತದೆ. ಹಾಗಾಗಿ ಕೈಗವಸು ಹಾಕಿ, ಚಿಮಟದಲ್ಲಿ ಹಿಡಿದು ಇಡಬೇಕು. ಹೊರಗಿನಿಂದ ಬಂದ ಬಟ್ಟನ್ನು ಬಂದ ಕೂಡಲೇ ತೂಗುವಂತಿಲ್ಲ. ಕೋಣೆಗಿಂತ ಬೆಚ್ಚಗಿರುವ ಬಟ್ಟಿನ ಸುತ್ತ ಗಾಳಿ ಮೆಲ್ಲಗೆ ಮೇಲೇಳುತ್ತಿರುತ್ತದೆ. ಅದು ಬಟ್ಟನ್ನು ಎತ್ತಿ ಹಿಡಿದಂತಾಗಿ ತೂಕ ಕಡಿಮೆ ಕಾಣುತ್ತದೆ. ಕಣ್ಣಿಗೆ ಕಾಣದ, ಕೈಗೆ ತಿಳಿಯದ ಶಾಖ ತಕ್ಕಡಿಗೆ ತಿಳಿಯುತ್ತದೆ. ಅದಕ್ಕೇ ಗಂಟೆಗಟ್ಟಲೆ, ದೊಡ್ಡ ಬಟ್ಟಾದರೆ ಒಂದಿಡೀ ದಿನ, ಕಾಯುತ್ತೇವೆ. ಆಮೇಲೆ ಮೊದಲು ನಮ್ಮ ಮಾನಕ ಬಟ್ಟು (ಹೋಲಿಕೆಗೆ ಆಧಾರವಾಗಿ ಇಟ್ಟುಕೊಂಡದ್ದು), ಬಳಿಕ ಪರೀಕ್ಷೆಗೆ ಬಂದದ್ದು, ಮತ್ತೊಮ್ಮೆ ಅದೇ, ಕೊನೆಗೆ ಮತ್ತೆ ಮಾನಕ. ಈ ಕ್ರಮದಲ್ಲಿ ತೂಗಿದರೆ ನಡುವೆ ತಕ್ಕಡಿ ಒಂದೇ ಸಮನೆ ಜಾರಿದ್ದರೂ ಆ ಜಾರುವಿಕೆ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಹನ್ನೊಂದು ವರ್ಷ ಇದನ್ನೇ ಮಾಡಿದೆ. ಬೇಸರವಾಗಲಿಲ್ಲವೇ ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿದೆ. 2019ರ ಮೇ 20ರಂದು ಕಿಲೋಗ್ರಾಮಿನ ವ್ಯಾಖ್ಯೆಯೇ ಬದಲಾಯಿತು. 1889ರಿಂದ ಪ್ಯಾರಿಸ್ ಬಳಿಯ ನೆಲಮಾಳಿಗೆಯಲ್ಲಿದ್ದ ಪ್ಲಾಟಿನಂ-ಇರಿಡಿಯಂ ತುಂಡೊಂದು ಜಗತ್ತಿನ ಎಲ್ಲ ತೂಕಕ್ಕೂ ಆಧಾರವಾಗಿತ್ತು. ಆ ದಿನದಿಂದ ಆ ಜಾಗಕ್ಕೆ ಭೌತಶಾಸ್ತ್ರದ ಬದಲಾಗದ ಅಂಕಿಯೊಂದು, ಪ್ಲಾಂಕ್ ಸ್ಥಿರಾಂಕ, ಬಂತು. ನಮ್ಮ ಮೇಜಿನ ಮೇಲಿನ ಬಟ್ಟು ಒಂದು ಮೈಕ್ರೋಗ್ರಾಮೂ ಬದಲಾಗಲಿಲ್ಲ, ಆದರೆ ಅದರ ವಂಶಾವಳಿಯೇ ಬೇರೆಯಾಯಿತು. ಆ ವಾರವಿಡೀ ನನಗೆ ಹಬ್ಬದಂತಿತ್ತು. ಇಂಥ ಕೆಲಸದಲ್ಲಿ ಹನ್ನೊಂದು ವರ್ಷ ಕಳೆದರೂ ತಳ ಕಂಡಿತು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಆದರೆ ವರ್ಷಕ್ಕೊಮ್ಮೆ ಅಪ್ರೈಸಲ್‌ನಲ್ಲಿ ಒಂದು ಪ್ರಶ್ನೆ ಬರುತ್ತಿತ್ತು: ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ? ಮೊದಮೊದಲು ‘ಇದೇ ಲ್ಯಾಬಿನಲ್ಲಿ, ಇನ್ನೂ ಚೆನ್ನಾಗಿ ಅಳೆಯುತ್ತಾ’ ಎಂದು ಬರೆಯುತ್ತಿದ್ದೆ. ಎರಡು ಸಲ ಅದನ್ನು ವಾಪಸು ಕಳಿಸಿ, ‘ಮಹತ್ವಾಕಾಂಕ್ಷೆ ಕಾಣುತ್ತಿಲ್ಲ, ಮತ್ತೆ ಬರೆಯಿರಿ’ ಅಂದರು. ಮೂರನೆಯ ಸಲ ‘ನಾಯಕತ್ವದ ಹೊಣೆ’ ಎಂದು ಬರೆದೆ. ಅಂದರೆ ನನ್ನದಲ್ಲದ ಆಸೆಯನ್ನು ನನ್ನ ಕೈಯಲ್ಲೇ ಬರೆದುಕೊಟ್ಟೆ. ಮರು ವರ್ಷ ಅದೇ ಆಸೆ ಆದೇಶವಾಗಿ ನನ್ನ ಮೇಜಿಗೆ ಬಂತು.

ನಿರ್ದೇಶಕರು ಕರೆದು, “ಹನ್ನೊಂದು ವರ್ಷ ಆಯ್ತು. ನಿಮಗೆ ಇಲ್ಲಿ ಇನ್ನು ಕಲಿಯೋಕೆ ಏನಿದೆ? ಮೇಲೆ ಬನ್ನಿ” ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಇನ್ನೊಂದು ಮಾತೂ ಹೇಳಿದರು: ನನ್ನ ದರ್ಜೆಯ ಸಂಬಳ ತುದಿ ಮುಟ್ಟಿದೆ, ಹುದ್ದೆ ಬದಲಾಗದೆ ಇನ್ನು ಏರಿಕೆ ಸಿಗದು. ಇದು ಬೆದರಿಕೆಯಾಗಿರಲಿಲ್ಲ, ಇದ್ದ ನಿಯಮ. ನಾನು ಒಪ್ಪಿಕೊಂಡೆ.

ಒಪ್ಪಿಕೊಳ್ಳಲು ಅಪ್ಪನೂ ಒಂದು ಕಾರಣ. ಅಪ್ಪ ಗುಮಾಸ್ತರಾಗಿ ಸೇರಿ ಮೂವತ್ತು ವರ್ಷ ದುಡಿದು, ಒಂದೇ ಒಂದು ಬಡ್ತಿ ಪಡೆದು ನಿವೃತ್ತರಾದವರು. ತಮ್ಮ ಕೈಕೆಳಗೆ ಕೆಲಸ ಕಲಿತವರು ತಮ್ಮನ್ನು ದಾಟಿ ಹೋದದ್ದನ್ನು ಅವರು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ಮ್ಯಾನೇಜರ್ ಹುದ್ದೆ ಬಂತು ಎಂದಾಗ ಅವರು ಒಂದು ಕ್ಷಣ ಸುಮ್ಮನಿದ್ದು, “ಆಯ್ತಲ್ಲ ಮಗಳೇ” ಅಂದರು. ಯಾವುದು ಆಯ್ತು ಎಂದು ನಾನು ಕೇಳಲಿಲ್ಲ.

ಮ್ಯಾನೇಜರಾಗಿ ಕಳೆದ ಹದಿನೇಳು ತಿಂಗಳು ಪೂರ್ತಿ ವ್ಯರ್ಥ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ವರ್ಷಗಳಿಂದ ಮುಂದೂಡಿದ್ದ ಹೊಸ ಕಂಪ್ಯಾರೇಟರ್ (ಬಟ್ಟುಗಳನ್ನು ಹೋಲಿಸಿ ತೂಗುವ ಸೂಕ್ಷ್ಮ ತಕ್ಕಡಿ) ಖರೀದಿಯನ್ನು ನಾನು ಮಾಡಿಸಿದೆ. ಗುತ್ತಿಗೆಯಲ್ಲಿದ್ದ ಇಬ್ಬರನ್ನು ಕಾಯಂ ಮಾಡಿಸಿದೆ. ಆ ಎರಡಕ್ಕೂ ಮೇಲಿನ ಕುರ್ಚಿ ಬೇಕಿತ್ತು, ಒಪ್ಪುತ್ತೇನೆ. ಆದರೆ ದಿನ ಹೋಗುತ್ತಿದ್ದದ್ದು ಬೇರೆ ಕಡೆ. ಯಾರ ರಜೆ ಯಾವತ್ತು, ಯಾವ ಗ್ರಾಹಕರ ಬಟ್ಟು ಎಷ್ಟು ದಿನದಿಂದ ಬಾಕಿ, ಈ ತಿಂಗಳ ಗುರಿ ಎಷ್ಟು, ಮುಂದಿನ ಆಡಿಟ್‌ಗೆ ಯಾವ ಕಡತ ಸಿದ್ಧ. ಒಬ್ಬರಿಗೊಬ್ಬರು ಮಾತು ಬಿಟ್ಟ ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸುವುದು. ಇವನ್ನು ಬಹಳ ಚೆನ್ನಾಗಿ ಮಾಡುವವರಿದ್ದಾರೆ. ನಾನು ಅವರಲ್ಲಿ ಒಬ್ಬಳಲ್ಲ. ಒಂದು ಜಗಳ ಬಿಡಿಸಿ ಬಂದ ದಿನ ರಾತ್ರಿ ಎರಡು ಗಂಟೆಯವರೆಗೆ ನಿದ್ದೆ ಬರುತ್ತಿರಲಿಲ್ಲ. ತೂಕದ ಕೋಣೆಯಲ್ಲಿ ತಪ್ಪಾದರೆ ಎಲ್ಲಿ ತಪ್ಪಿತೆಂದು ಹುಡುಕಬಹುದು. ಮನುಷ್ಯರ ನಡುವಿನ ತಪ್ಪನ್ನು ಹುಡುಕುವ ಸಾಧನ ನನ್ನಲ್ಲಿರಲಿಲ್ಲ.

ಸಹಿ ಮಾತ್ರ ದಿನವಿಡೀ. ಬೆಳಿಗ್ಗೆ ಬಂದರೆ ಕಡತಗಳ ರಾಶಿ, ಸಂಜೆ ಹೊರಡುವಾಗಲೂ ರಾಶಿ.

ಒಂದು ಶನಿವಾರ ಇಬ್ಬರು ರಜೆಯಲ್ಲಿದ್ದರು, ತುರ್ತು ಕೆಲಸವೊಂದು ಬಾಕಿ ಇತ್ತು. ನಾನೇ ಮಾಡುತ್ತೇನೆ ಎಂದು ಕೋಟು ತೊಟ್ಟು ಒಳಗೆ ಹೋದೆ. ಎಷ್ಟೋ ತಿಂಗಳ ಮೇಲೆ ಆ ಕೋಣೆಯ ಮೌನ. ಗಾಜಿನ ಬಾಗಿಲು ಸರಿಸಿ, ಚಿಮಟದಲ್ಲಿ ಬಟ್ಟನ್ನು ಹಿಡಿದು ತಟ್ಟೆಯ ನಡುವೆ ಇಟ್ಟು, ಬಾಗಿಲು ಮುಚ್ಚಿ, ಅಂಕಿ ನಿಲ್ಲುವುದನ್ನು ಕಾಯುತ್ತಾ ನಿಂತಾಗ ಗಂಟಲು ಕಟ್ಟಿತು. ಅಳು ಬರುವಂಥದ್ದು ಅಲ್ಲಿ ಏನೂ ಇರಲಿಲ್ಲ. ಕೈಗೆ ತನ್ನ ಕೆಲಸ ಮತ್ತೆ ಸಿಕ್ಕಿತ್ತು, ಅಷ್ಟೇ.

ಆ ಸಂತೋಷ ಅರ್ಧ ಗಂಟೆ ಇತ್ತು.

ಯಾವುದೇ ಕೆಲಸ ಶುರು ಮಾಡುವ ಮೊದಲು ನಾವು ತೂಕ ಮೊದಲೇ ಗೊತ್ತಿರುವ ಒಂದು ತಪಾಸಣೆ ಬಟ್ಟನ್ನು ತೂಗಿ, ಬಂದ ಅಂಕಿಯನ್ನು ನಕ್ಷೆಯಲ್ಲಿ ಗುರುತಿಸುತ್ತೇವೆ. ಎಲ್ಲ ಸರಿಯಿದ್ದರೆ ಚುಕ್ಕೆಗಳು ಸರಾಸರಿ ಗೆರೆಯ ಮೇಲೂ ಕೆಳಗೂ ಚದುರಿಕೊಂಡಿರಬೇಕು. ಒಂದೇ ಪಕ್ಕಕ್ಕೆ ಸಾಲಾಗಿ ಬಿದ್ದರೆ, ಪ್ರತಿಯೊಂದು ಚುಕ್ಕೆಯೂ ಮಿತಿಯೊಳಗೇ ಇದ್ದರೂ, ಏನೋ ಆಗಿದೆ ಎಂದರ್ಥ. ಅವತ್ತು ನಾನು ಚುಕ್ಕೆ ಇಡಲು ಹೋದಾಗ ಹಿಂದಿನ ಚುಕ್ಕೆಗಳು ಕಂಡವು. ಬೆಳಗಿನ ಹೊತ್ತಿನವು ಮಾತ್ರ ಗೆರೆಯಿಂದ ಮೇಲ್ಗಡೆಗೇ ಸಾಲುಗಟ್ಟಿದ್ದವು, ಆರು ವಾರಗಳಿಂದ. ಮಧ್ಯಾಹ್ನದವು ಸರಿಯಾಗಿದ್ದವು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಏಕೆಂದರೆ ಆ ಕಾರಣಕ್ಕೆ ಸಹಿ ಹಾಕಿದ್ದು ನಾನೇ. ವಿದ್ಯುತ್ ಉಳಿತಾಯಕ್ಕಾಗಿ ರಾತ್ರಿ ಹೊತ್ತು ಎಲ್ಲ ಕೋಣೆಗಳ ಹವಾನಿಯಂತ್ರಣ ನಿಲ್ಲಿಸುವ ಪ್ರಸ್ತಾವ ಎರಡು ತಿಂಗಳ ಹಿಂದೆ ಬಂದಿತ್ತು. ಹನ್ನೆರಡು ಕಡತಗಳ ನಡುವೆ ಅದೂ ಒಂದು. ಉಳಿತಾಯದ ಮೊತ್ತ ನೋಡಿದೆ, ಸಹಿ ಹಾಕಿದೆ. ರಾತ್ರಿ ಕೋಣೆ ಬೆಚ್ಚಗಾಗುತ್ತಿತ್ತು. ಬೆಳಿಗ್ಗೆ ಯಂತ್ರ ಹಾಕಿದರೆ ಗಾಳಿ ಬೇಗ ತಣಿಯುತ್ತಿತ್ತು, ಆದರೆ ಮುಚ್ಚಿದ ಪೆಟ್ಟಿಗೆಯೊಳಗಿನ ಮಾನಕ ಬಟ್ಟುಗಳು ತಣಿಯಲು ಇನ್ನೂ ಎಷ್ಟೋ ಹೊತ್ತು ಹಿಡಿಯುತ್ತಿತ್ತು. ಬೆಚ್ಚಗಿದ್ದ ಮಾನಕ ಹಗುರವಾಗಿ ತೋರಿದಾಗ ಅದರೆದುರು ತೂಗಿದ್ದೆಲ್ಲ ಭಾರವಾಗಿ ಕಾಣುತ್ತದೆ. ಹನ್ನೊಂದು ವರ್ಷ ಈ ಕೋಣೆಯಲ್ಲಿ ನಿಂತಿದ್ದವಳು ಆ ಕಾಗದವನ್ನು ಓದಿದ್ದರೆ ಮೊದಲ ಸಾಲಿಗೇ ಬೇಡ ಎನ್ನುತ್ತಿದ್ದಳು. ಸಹಿ ಹಾಕಿದ್ದು ಮ್ಯಾನೇಜರ್.

ಕಿರಿಯ ಎಂಜಿನಿಯರ್ ಒಬ್ಬಳು ಇದನ್ನು ಗಮನಿಸಿದ್ದಳು. ನನಗೆ ಎರಡು ಸಲ ಮೇಲ್ ಕಳಿಸಿದ್ದಳು. ತೆರೆಯದ ನೂರಾರು ಮೇಲ್‌ಗಳ ಅಡಿಯಲ್ಲಿ ಅವೆರಡೂ ಇದ್ದವು. ಬಂದು ಹೇಳಬಾರದಿತ್ತಾ ಎಂದು ಸೋಮವಾರ ಕೇಳಿದೆ. “ನಿಮ್ಮ ರೂಮಿನ ಮುಂದೆ ಯಾವಾಗ ಬಂದ್ರೂ ಯಾರಾದ್ರೂ ಇರ್ತಿದ್ರು ಮೇಡಂ” ಅಂದಳು.

ಆರು ವಾರಗಳಲ್ಲಿ ಬೆಳಿಗ್ಗೆ ತೂಗಿದ್ದರ ಮೇಲೆ ಕೊಟ್ಟ ಇಪ್ಪತ್ತಮೂರು ಪ್ರಮಾಣಪತ್ರಗಳನ್ನು ಹಿಂದಕ್ಕೆ ಪಡೆದೆವು. ಪ್ರತಿ ಗ್ರಾಹಕರಿಗೂ ನಾನೇ ಫೋನು ಮಾಡಿ ಆದದ್ದನ್ನು ಹೇಳಿದೆ. ಮತ್ತೆ ತೂಗಿದಾಗ ಮಿತಿ ಮೀರಿದ್ದು ಒಂದೂ ಇರಲಿಲ್ಲ. ಅದು ಅದೃಷ್ಟ, ನನ್ನ ಹೆಚ್ಚುಗಾರಿಕೆಯಲ್ಲ. ನನ್ನ ಮೇಲೆ ಯಾವ ಕ್ರಮವೂ ಆಗಲಿಲ್ಲ. ತಪ್ಪನ್ನು ನಾನೇ ಕಂಡುಹಿಡಿದು ಸರಿಪಡಿಸಿದೆನೆಂದು ಮೆಚ್ಚುಗೆಯ ಒಂದು ಸಾಲೂ ಬಂತು. ಆ ಸಾಲು ಓದಿದ ದಿನ ಇಳಿಯಬೇಕು ಎಂಬ ಯೋಚನೆ ಮೊದಲ ಸಲ ಸ್ಪಷ್ಟವಾಗಿ ಬಂತು.

ತಕ್ಷಣ ಅರ್ಜಿ ಕೊಡಲಿಲ್ಲ. ಅವಮಾನದ ಬಿಸಿಯಲ್ಲಿ ತೆಗೆದುಕೊಂಡ ನಿರ್ಧಾರವೂ ಬಿಸಿ ಬಟ್ಟಿನಂತೆಯೇ, ನಿಜವಾದ ತೂಕ ತೋರಿಸುವುದಿಲ್ಲ. ಮೂರು ತಿಂಗಳು ಕಾದೆ. ಆ ಮೂರು ತಿಂಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಲಾರೆನ್ಸ್ ಪೀಟರ್ ಮತ್ತು ರೇಮಂಡ್ ಹಲ್ 1969ರಲ್ಲಿ ಹೇಳಿದ್ದ ಮಾತು ಎಲ್ಲರಿಗೂ ಗೊತ್ತಿರುವಂಥದ್ದೇ: ಚೆನ್ನಾಗಿ ಕೆಲಸ ಮಾಡಿದವರನ್ನು ಏರಿಸುತ್ತಾ ಹೋದರೆ, ಕೊನೆಗೆ ಪ್ರತಿಯೊಬ್ಬರೂ ತಮಗೆ ಒಗ್ಗದ ಹುದ್ದೆಯಲ್ಲಿ ಬಂದು ನಿಲ್ಲುತ್ತಾರೆ. ಅದನ್ನು ಅವರು ವಿಡಂಬನೆಯ ಧಾಟಿಯಲ್ಲಿ ಬರೆದಿದ್ದರು. ಆದರೆ ಅಲನ್ ಬೆನ್ಸನ್, ಡ್ಯಾನಿಯೆಲ್ ಲಿ, ಕೆಲ್ಲಿ ಶೂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ ಕಂಪನಿಗಳ ಮಾರಾಟ ಸಿಬ್ಬಂದಿಯ ದಾಖಲೆಗಳನ್ನು ಇಟ್ಟುಕೊಂಡು ಅದನ್ನೇ ಪರೀಕ್ಷಿಸಿ, 2019ರಲ್ಲಿ ಪ್ರಕಟಿಸಿದರು. ಹೆಚ್ಚು ಮಾರಿದವರಿಗೇ ಬಡ್ತಿ ಸಿಗುತ್ತಿತ್ತು. ಬಡ್ತಿಗೆ ಮುನ್ನ ಅವರ ಮಾರಾಟ ಹೆಚ್ಚಿದ್ದಷ್ಟೂ, ಬಡ್ತಿಯ ನಂತರ ಅವರ ತಂಡದ ಸಾಧನೆ ಕೆಳಗಿತ್ತು. ನನ್ನ ಕಥೆಯನ್ನು ಬೇರೆ ಯಾರೋ ಅಂಕಿಗಳಲ್ಲಿ ಬರೆದಿಟ್ಟಂತಿತ್ತು.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರ ಬಂದವರು ಜಪಾನಿನ ಕೊಯಿಚಿ ತನಾಕ. ಅಳತೆ ಉಪಕರಣ ತಯಾರಿಸುವ ಶಿಮಾಡ್ಜು ಕಂಪನಿಯ ಎಂಜಿನಿಯರ್, ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. 1985ರಲ್ಲಿ ಪ್ರಯೋಗವೊಂದರಲ್ಲಿ ಕೋಬಾಲ್ಟ್ ಪುಡಿಗೆ ತಪ್ಪಿ ಗ್ಲಿಸರಿನ್ ಬೆರೆಸಿದರು. ಪುಡಿ ದುಬಾರಿಯದು, ಎಸೆಯಲು ಮನಸ್ಸು ಬರದೆ ಅದನ್ನೇ ಪರೀಕ್ಷಿಸಿದರು. ಪ್ರೋಟೀನಿನಂಥ ದೊಡ್ಡ ಅಣುಗಳನ್ನು ಒಡೆಯದೆ ತೂಗುವ ದಾರಿ ಅಲ್ಲಿಂದ ತೆರೆದುಕೊಂಡಿತು. 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡಾಗ ಅವರಿಗೆ 43 ವರ್ಷ, ಕಂಪನಿಯಲ್ಲಿ ಇನ್ನೂ ಕೆಳಗಿನ ದರ್ಜೆಯ ಹುದ್ದೆ. ಪ್ರಯೋಗದ ಮೇಜು ಬಿಡಬೇಕಾದೀತೆಂದು ಬಡ್ತಿ ಪರೀಕ್ಷೆಗಳಿಂದ ಅವರು ದೂರವೇ ಉಳಿದಿದ್ದರು. ನನಗೆ ನೊಬೆಲ್ ಬರುವುದಿಲ್ಲ, ಅದರ ಆಸೆಯೂ ಇಲ್ಲ. ಆದರೆ ಮೇಜಿನ ಮುಂದೆ ಉಳಿಯಬೇಕೆಂಬ ಹಂಬಲ ಬೆಳೆದ ಮನುಷ್ಯನೊಬ್ಬನಿಗೆ ಸಹಜವಾಗಿ ಇರಬಹುದು, ಅದು ಸೋಮಾರಿತನವೂ ಅಲ್ಲ ಅಂಜಿಕೆಯೂ ಅಲ್ಲ ಎಂದು ನನಗೆ ಯಾರಾದರೂ ಹೇಳಬೇಕಿತ್ತು. ಅವರ ಬದುಕು ಹೇಳಿತು.

ನನಗೆ ವಿರುದ್ಧವಾದದ್ದನ್ನೂ ಓದಿದೆ, ಅದನ್ನು ಮುಚ್ಚಿಡಲಾರೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಪ್ರಸಿದ್ಧವಾದದ್ದು. ಹುದ್ದೆಯ ಮೆಟ್ಟಿಲು ಇಳಿದಂತೆಲ್ಲ ಸಾವಿನ ಪ್ರಮಾಣ ಏರುತ್ತಿತ್ತು. ಎಲ್ಲಕ್ಕಿಂತ ಕೆಳಗಿನ ದರ್ಜೆಯವರಲ್ಲಿ ಅದು ಮೇಲಿನವರಿಗಿಂತ ಸುಮಾರು ಮೂರು ಪಟ್ಟು. ಮೇಲೆ ಹೋಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೇ ಎಂದು ಒಂದು ರಾತ್ರಿ ಯೋಚಿಸುತ್ತಾ ಕುಳಿತೆ. ಆದರೆ 1985ರಲ್ಲಿ ಶುರುವಾದ ಅದರ ಎರಡನೆಯ ಸುತ್ತಿನಲ್ಲಿ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಇನ್ನೊಂದು ಎಳೆ ಹಿಡಿದರು: ತನ್ನ ಕೆಲಸದ ಮೇಲೆ ತನಗೆ ಎಷ್ಟು ಹಿಡಿತವಿದೆ ಎಂಬುದು. ಹಿಡಿತ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚು. ಅಲ್ಲಿಗೆ ನನ್ನ ಪ್ರಶ್ನೆಯ ಮುಖವೇ ತಿರುಗಿತು. ಸಾಮಾನ್ಯವಾಗಿ ಹುದ್ದೆ ಏರಿದರೆ ಹಿಡಿತವೂ ಏರುತ್ತದೆ. ನನ್ನ ವಿಷಯದಲ್ಲಿ ಹಾಗಾಗಿರಲಿಲ್ಲ. ತಕ್ಕಡಿಯ ಮುಂದೆ ನಿಂತಾಗ ಯಾವುದನ್ನು ಮೊದಲು ತೂಗಬೇಕು, ಎಷ್ಟು ಹೊತ್ತು ಕಾಯಬೇಕು, ಯಾವ ಅಂಕಿಯನ್ನು ನಂಬಬಾರದು ಎಂಬುದೆಲ್ಲ ನನ್ನದಾಗಿತ್ತು. ಮ್ಯಾನೇಜರ್ ಕುರ್ಚಿಯಲ್ಲಿ ನನ್ನ ದಿನ ನನ್ನದಾಗಿರಲಿಲ್ಲ.

ಮನೆಯಲ್ಲಿ ಯಜಮಾನರ ಜೊತೆ ಕೂತು ಲೆಕ್ಕ ಹಾಕಿದೆವು. ಇದು ಬರೀ ಮನಸ್ಸಿನ ಪ್ರಶ್ನೆಯಲ್ಲ. ಸಾಲದ ಕಂತು, ಮಕ್ಕಳ ಓದು, ಅಪ್ಪನ ಔಷಧಿ. ಹೊಸ ಸಂಬಳಕ್ಕೆ ನಮ್ಮ ಖರ್ಚು ಆಗಲೇ ಹೊಂದಿಕೊಂಡುಬಿಟ್ಟಿತ್ತು. ಏರಿದ ಸಂಬಳ ಎಷ್ಟು ಬೇಗ ಅವಶ್ಯಕತೆಯಾಗಿಬಿಡುತ್ತದೆ ಎಂಬುದು ಆ ಹಾಳೆಯ ಮೇಲೆ ಕಂಡಷ್ಟು ಸ್ಪಷ್ಟವಾಗಿ ನನಗೆ ಎಲ್ಲೂ ಕಂಡಿಲ್ಲ. ನಾಲ್ಕು ತಿಂಗಳು ಹಳೆಯ ಸಂಬಳದಲ್ಲೇ ಬದುಕಿ ನೋಡೋಣ, ಉಳಿದದ್ದನ್ನು ಮುಟ್ಟುವುದು ಬೇಡ ಎಂದು ಅವರೇ ಸೂಚಿಸಿದರು. ಹಾಗೇ ಮಾಡಿದೆವು. ಎರಡನೆಯ ತಿಂಗಳು ಕಷ್ಟವಾಯಿತು, ನಾಲ್ಕನೆಯದರಲ್ಲಿ ಆಗಲಿಲ್ಲ. ಇಳಿಯುವ ಯೋಚನೆ ಇರುವವರಿಗೆ ನಾನು ಕೊಡಬಲ್ಲ ಒಂದೇ ಗಟ್ಟಿ ಸಲಹೆ ಇದು. ಇದು ಎಲ್ಲರಿಗೂ ಸಾಧ್ಯವಿಲ್ಲ ಎಂಬುದೂ ನನಗೆ ಗೊತ್ತು. ಇರುವ ಸಂಬಳದಲ್ಲಿ ತಿಂಗಳು ದಾಟದವರಿಗೆ ಬಡ್ತಿಯೊಂದೇ ದಾರಿಯಾಗಿರುವಾಗ, ಅವರ ಮುಂದೆ ಆಯ್ಕೆಯ ಮಾತಾಡುವುದು ಸರಿಯಲ್ಲ. ಕೈಕೆಳಗೆ ಎಷ್ಟು ಜನ ಇದ್ದಾರೆ ಎಂಬುದರ ಮೇಲೆ ಮಾತ್ರ ಸಂಬಳ ಏರುವಂತೆ ನಿಯಮ ಮಾಡಿದವರನ್ನು ಈ ಪ್ರಶ್ನೆ ಕೇಳಬೇಕು. ತಾಂತ್ರಿಕ ಕೆಲಸದಲ್ಲಿ ಪಳಗಿದವರಿಗೆ, ಜನರನ್ನು ನಡೆಸುವ ಹೊಣೆಯಿಲ್ಲದೆಯೇ, ಮ್ಯಾನೇಜರ್‌ಗೆ ಸಮನಾದ ದರ್ಜೆಗಳನ್ನು ಕೊಡುವ ಎರಡು ಏಣಿಯ ಪದ್ಧತಿ ಎಷ್ಟೋ ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ದಶಕಗಳಿಂದ ಇದೆ. ನಮ್ಮಲ್ಲಿ ಇರಲಿಲ್ಲ.

ನಿರ್ದೇಶಕರ ಬಳಿ ಮೂರು ಸಲ ಹೋದೆ. ಮೊದಲ ಸಲ ಅವರು, “ಸುಸ್ತಾಗಿದೀರಿ, ಹದಿನೈದು ದಿನ ರಜೆ ತಗೊಳ್ಳಿ” ಅಂದರು. ತಗೊಂಡೆ. ಬಂದ ಮೇಲೂ ಮನಸ್ಸು ಅದೇ ಇತ್ತು. ಎರಡನೆಯ ಸಲ, ಬೇರೆ ಕಂಪನಿಯಿಂದ ಕರೆ ಬಂದಿದೆಯೇ ಎಂದು ಕೇಳಿದರು. ಹೆಚ್ಚು ಕೇಳಲು ಬಂದಿದ್ದಾಳೆ ಎಂದುಕೊಂಡಿದ್ದರು. ಕಡಿಮೆ ಕೇಳಲು ಬಂದವರು ಅವರಿಗೆ ಹಿಂದೆ ಸಿಕ್ಕಿರಲಿಲ್ಲ. ಮೂರನೆಯ ಸಲ ನಾನು ಕಾಗದದಲ್ಲಿ ಬರೆದುಕೊಂಡು ಹೋದೆ. ಮ್ಯಾನೇಜರ್ ಆಗಿ ನಾನು ಏನು ಮಾಡುತ್ತಿಲ್ಲ, ಎಂಜಿನಿಯರ್ ಆಗಿ ಏನು ಮಾಡಬಲ್ಲೆ, ನನ್ನ ಜಾಗಕ್ಕೆ ಯಾರು ಸರಿ, ಕೆಲಸ ಒಪ್ಪಿಸಲು ಎಷ್ಟು ದಿನ ಬೇಕು. ಜೊತೆಗೆ ಎರಡು ಬೇಡಿಕೆ: ಪ್ರಮಾಣಪತ್ರಕ್ಕೆ ಸಹಿ ಹಾಕುವ ಅಧಿಕಾರ ನನಗೆ ಉಳಿಯಬೇಕು, ಹೊಸಬರಿಗೆ ಕಲಿಸುವ ಹೊಣೆ ಅಧಿಕೃತವಾಗಿ ಕೊಡಬೇಕು. ಅವರು ಓದಿ, ಕನ್ನಡಕ ತೆಗೆದಿಟ್ಟು, “ಆ ಎಸಿ ವಿಷಯಕ್ಕೆ ನೀವೇ ಶಿಕ್ಷೆ ಕೊಟ್ಕೊಳ್ತಿದೀರಾ?” ಎಂದು ಕೇಳಿದರು.

ಅದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಶಿಕ್ಷೆಯಲ್ಲ ಅಂದೆ. ಆ ತಪ್ಪಿನಿಂದ ಗೊತ್ತಾಯಿತು, ಆದರೆ ಆ ತಪ್ಪಿಗಾಗಿ ಅಲ್ಲ. ಶನಿವಾರ ಅಲ್ಲಿ ನಿಂತಾಗ ನಾನು ಇದಕ್ಕೆ ಬೇಕು ಅನ್ನಿಸಿತು, ಈ ಕುರ್ಚಿಯಲ್ಲಿ ಒಂದು ದಿನವೂ ಹಾಗನ್ನಿಸಿಲ್ಲ. ಅವರು ತಲೆಯಾಡಿಸಿದರು. ಒಪ್ಪಿದರೋ, ಸೋತರೋ ಈಗಲೂ ಗೊತ್ತಿಲ್ಲ. ಬೇಡಿಕೆಗಳೆರಡನ್ನೂ ಒಪ್ಪಿದರು. ಸಂಬಳ ಹಳೆಯ ದರ್ಜೆಯ ತುದಿಗೆ ಇಳಿಯಿತು.

ಇನ್ನು ಅಪ್ಪನಿಗೆ ಹೇಳಬೇಕಿತ್ತು. ಎರಡು ವಾರ ಮುಂದೂಡಿದೆ. ಕೊನೆಗೆ ಒಂದು ಸಂಜೆ ಪಕ್ಕದಲ್ಲಿ ಕೂತು ಹೇಳಿದೆ. ಅಪ್ಪ ಕೇಳಿದ ಮೊದಲ ಮಾತು, “ಏನಾದ್ರೂ ತಪ್ಪು ಮಾಡಿದ್ಯೇನಮ್ಮಾ?”

ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಅವರ ಕಾಲದ ಕಚೇರಿಯ ಭಾಷೆಯಲ್ಲಿ ಮುಂಬಡ್ತಿ ಇದೆ, ಹಿಂಬಡ್ತಿ ಇದೆ. ಹಿಂಬಡ್ತಿ ಎಂದರೆ ದಂಡನೆ. ತಾನಾಗಿಯೇ, ತಲೆತಗ್ಗಿಸದೆ, ತನಗೆ ಒಗ್ಗುವ ಕೆಲಸಕ್ಕೆ ಹಿಂತಿರುಗುವುದಕ್ಕೆ ಅವರ ಬಳಿ ಒಂದು ಪದವಿರಲಿಲ್ಲ. ನನ್ನ ಬಳಿಯೂ ಇಲ್ಲ. ‘ಮೇಲಧಿಕಾರಿ’, ‘ಕೈಕೆಳಗಿನವರು’, ‘ಮುಂದೆ ಬಂದವರು’, ‘ಹಿಂದುಳಿದವರು’. ಬದುಕನ್ನು ಹೇಳಲು ನಾವು ಬಳಸುವ ಮಾತುಗಳಲ್ಲೇ ದಿಕ್ಕು ಕೂತುಬಿಟ್ಟಿದೆ. ‘ಪಳಗಿದವರು’, ‘ನುರಿತವರು’ ಎಂಬ ಒಳ್ಳೆಯ ಮಾತುಗಳೂ ಇವೆ, ಆದರೆ ಅವನ್ನು ಯಾರೂ ಬಾಗಿಲ ಮೇಲಿನ ಫಲಕದಲ್ಲಿ ಬರೆಸುವುದಿಲ್ಲ.

ತಪ್ಪಾಗಿತ್ತು, ಸರಿಪಡಿಸಿದೆ, ಅದಕ್ಕಾಗಿ ಯಾರೂ ಇಳಿಸುತ್ತಿಲ್ಲ, ನಾನೇ ಇಳಿಯುತ್ತಿದ್ದೇನೆ ಎಂದು ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಅವರಿಗೆ ಸಿಗದೇ ಹೋದದ್ದನ್ನು ನಾನು ಕೈಯಾರೆ ಬಿಟ್ಟುಕೊಡುತ್ತಿದ್ದೆ. ಅದು ಅವರನ್ನು ನೋಯಿಸುತ್ತದೆಂದು ಗೊತ್ತಿದ್ದೂ ನಾನು ಮಾಡಿದೆ. ಆ ನೋವಿಗೆ ನನ್ನಲ್ಲಿ ಸಮಾಧಾನವಿಲ್ಲ. ಬಂಧುಗಳ ಮುಂದೆ ಅವರು ಇವತ್ತಿಗೂ ನನ್ನನ್ನು “ಲ್ಯಾಬ್ ಮ್ಯಾನೇಜರು” ಎಂದೇ ಪರಿಚಯಿಸುತ್ತಾರೆ. ನಾನು ತಿದ್ದುವುದಿಲ್ಲ.

ನನ್ನ ಜಾಗಕ್ಕೆ ಬಂದವನು ನನ್ನ ಕೈಯಲ್ಲೇ ಕೆಲಸ ಕಲಿತ ಹುಡುಗ. ಹುಡುಗ ಎನ್ನುವುದು ನನ್ನ ಅಭ್ಯಾಸ, ಅವನಿಗೆ ಮೂವತ್ತನಾಲ್ಕು ದಾಟಿದೆ. ಅವನಿಗೆ ಜನ ಬೇಕು. ಯಾರ ಮನೆಯಲ್ಲಿ ಏನಾಗಿದೆ ಎಂಬುದು ನೆನಪಿರುತ್ತದೆ, ಜಗಳವಾದರೆ ಇಬ್ಬರೂ ಅವನ ಬಳಿಗೇ ಬರುತ್ತಾರೆ. ತೂಗುವುದರಲ್ಲಿ ಅವನು ಸಾಧಾರಣ. ಹಳೆಯ ನಿಯಮದ ಪ್ರಕಾರ ಅವನ ಹೆಸರು ಯಾರ ಪಟ್ಟಿಯಲ್ಲೂ ಬರುತ್ತಿರಲಿಲ್ಲ, ಏಕೆಂದರೆ ಅಲ್ಲಿ ನೋಡುತ್ತಿದ್ದದ್ದು ಯಾರು ಚೆನ್ನಾಗಿ ತೂಗುತ್ತಾರೆ ಎಂಬುದನ್ನು. ನಾಲ್ಕು ತಿಂಗಳು ಅವನ ಜೊತೆ ಕೂತು ಎಲ್ಲ ಒಪ್ಪಿಸಿದೆ.

ಅವನು ಅಧಿಕಾರ ವಹಿಸಿಕೊಂಡ ಮೊದಲ ಸಭೆಯಲ್ಲಿ ನನಗೆ ಮಾತಿನ ತೊಡಕು ಎದುರಾಯಿತು. ಹತ್ತು ವರ್ಷದಿಂದ ನಾನು ಅವನನ್ನು ‘ನೀನು’ ಎನ್ನುತ್ತಿದ್ದೆ. ಎಲ್ಲರ ಮುಂದೆ ಹಾಗೆನ್ನುವುದು ಅವನ ಹುದ್ದೆಗೆ ಸಲ್ಲದು ಅನ್ನಿಸಿ, “ನೀವು ಹೇಳಿದ ದಿನಾಂಕಕ್ಕೆ ಆಗುತ್ತೆ” ಅಂದೆ. ಅವನ ಮುಖ ಬಾಡಿತು. ಸಭೆ ಮುಗಿದ ಮೇಲೆ ಹಿಂದೆಯೇ ಬಂದು, “ಮೇಡಂ, ನೀವು ನನ್ನನ್ನ ಹಾಗನ್ನಬೇಡಿ. ದೂರ ಮಾಡಿದ ಹಾಗಿರುತ್ತೆ” ಅಂದ. ಸಭೆಯಲ್ಲಿ ‘ನೀವು’, ಲ್ಯಾಬಿನೊಳಗೆ ‘ನೀನು’ ಎಂದು ಒಪ್ಪಂದ ಮಾಡಿಕೊಂಡೆವು. ಈಗಲೂ ಹಾಗೇ ನಡೆದಿದೆ.

ಮೊದಲ ಎರಡು ತಿಂಗಳು ಸುಲಭವಿರಲಿಲ್ಲ. ನಾನು ಒಳಗೆ ಬಂದರೆ ಕೆಲವರು ಮಾತು ನಿಲ್ಲಿಸುತ್ತಿದ್ದರು. ಬೇರೆ ವಿಭಾಗದ ಒಬ್ಬರು ಮೆಟ್ಟಿಲ ಬಳಿ ನಿಲ್ಲಿಸಿ, “ನಿಜ ಹೇಳಿ, ತೆಗೆದ್ರಾ?” ಎಂದು ಕೇಳಿದರು. ‘ತೂಗುವ ಕೆಲಸ ನನಗೆ ಇಷ್ಟ, ಅದಕ್ಕೆ ವಾಪಸು ಬಂದೆ’ ಎಂಬ ಒಂದೇ ವಾಕ್ಯವನ್ನು ಎಲ್ಲರಿಗೂ ಹೇಳಿದೆ. ವಿವರಣೆ ಉದ್ದವಾದಷ್ಟೂ ಅನುಮಾನ ಬೆಳೆಯುತ್ತದೆ ಎಂದು ಎರಡು ದಿನದಲ್ಲೇ ಗೊತ್ತಾಗಿತ್ತು. ನನಗೆ ನಿಜವಾಗಿ ಚುಚ್ಚಿದ್ದು ಬೇರೆ. ಯಾವ ಸುದ್ದಿಯೂ ಈಗ ನನಗೆ ಮೊದಲು ತಿಳಿಯುವುದಿಲ್ಲ. ಒಂದು ದಿನ ನಮ್ಮ ಕೋಣೆಯ ಸಾಮಾನು ಬೇರೆ ಕಡೆ ಇಡುವ ತೀರ್ಮಾನ ನೋಟಿಸ್ ಬೋರ್ಡಿನಲ್ಲಿ ಓದಿ ತಿಳಿಯಬೇಕಾಯಿತು. ಅಧಿಕಾರದಲ್ಲಿ ಇದೊಂದು ನನಗೆ ರುಚಿಸಿತ್ತು, ಅದು ಹೋಯಿತು ಎಂದು ಅವತ್ತು ಒಪ್ಪಿಕೊಂಡೆ.

ಎರಡು ಸಲ ಮೇಲ್ ಕಳಿಸಿದ್ದ ಆ ಎಂಜಿನಿಯರ್ ಈಗ ನನ್ನ ಪಕ್ಕದ ಮೇಜಿನಲ್ಲಿದ್ದಾಳೆ. ಅವಳಿಗೆ ನಾನು ಕಲಿಸಬೇಕೆಂದು ಆದೇಶವಿದೆ. ನಕ್ಷೆಯಲ್ಲಿ ಸಾಲುಗಟ್ಟಿದ ಚುಕ್ಕೆಗಳನ್ನು ನನಗಿಂತ ಐದು ವಾರ ಮೊದಲೇ ಕಂಡವಳಿಗೆ ಕಣ್ಣು ಕಲಿಸುವುದು ಬೇಕಿಲ್ಲ. ಕಂಡದ್ದನ್ನು ಬಾಗಿಲು ತಟ್ಟಿ ಹೇಳುವುದನ್ನು ಮಾತ್ರ ಕಲಿಸುತ್ತಿದ್ದೇನೆ.

ಈ ವರ್ಷದ ಅಪ್ರೈಸಲ್‌ನಲ್ಲಿ ಮತ್ತದೇ ಪ್ರಶ್ನೆ ಬಂತು, ಐದು ವರ್ಷದ ನಂತರ ಎಲ್ಲಿ. ‘ಇದೇ ಲ್ಯಾಬಿನಲ್ಲಿ’ ಎಂದು ಬರೆದು, ಕೆಳಗೆ ನಾಲ್ಕು ಕೆಲಸ ನಮೂದಿಸಿದೆ. ನಮ್ಮ ಅನಿಶ್ಚಿತತೆಯ, ಅಂದರೆ ಅಂಕಿಯನ್ನು ಎಷ್ಟು ನಂಬಬಹುದು ಎಂಬುದರ, ಲೆಕ್ಕದಲ್ಲಿ ಗಾಳಿಯ ಸಾಂದ್ರತೆಯ ಪಾಲನ್ನು ಇನ್ನೂ ಇಳಿಸುವುದು, ಅದಕ್ಕೆ ಬೇಕಾದ ತೇವಾಂಶದ ಅಳತೆ ಸುಧಾರಿಸುವುದು, ಹೊಸಬರಿಬ್ಬರನ್ನು ಸಹಿ ಹಾಕುವ ಮಟ್ಟಕ್ಕೆ ತರುವುದು, ಮಿಲಿಗ್ರಾಂ ಬಟ್ಟುಗಳ ಕೆಲಸವನ್ನು ನಮ್ಮಲ್ಲೇ ಶುರು ಮಾಡುವುದು. ಈ ಸಲ ಅದು ವಾಪಸು ಬರಲಿಲ್ಲ. ಅದನ್ನು ಓದುವವನು ಈಗ ನನ್ನ ಜಾಗಕ್ಕೆ ಬಂದ ಆ ಹುಡುಗ.

ಹೋದ ತಿಂಗಳು ಅವನು ಒಂದು ಕಡತ ಹಿಡಿದು ಕೋಣೆಯ ಹೊರಗೆ ನಿಂತಿದ್ದ. ನಾನು ತೂಗುತ್ತಿದ್ದೆ, ಬಾಗಿಲು ತೆರೆಯುವಂತಿರಲಿಲ್ಲ. ಗಾಜಿನಾಚೆ ಕಾದ. ಅಂಕಿ ನಿಂತಿತು, ಬರೆದುಕೊಂಡೆ, ಬಟ್ಟನ್ನು ತೆಗೆದಿಟ್ಟು ಹೊರಗೆ ಬಂದೆ. ವಿದ್ಯುತ್ ಉಳಿತಾಯದ ಪ್ರಸ್ತಾವ ಹೊಸ ರೂಪದಲ್ಲಿ ಮತ್ತೆ ಬಂದಿತ್ತು. ರಾತ್ರಿ ಪೂರ್ತಿ ನಿಲ್ಲಿಸುವುದು ಬೇಡ, ಎರಡು ಡಿಗ್ರಿ ಏರಿಸಿದರೆ ಸಾಕು ಎಂದು.

“ಇದಕ್ಕೆ ಸಹಿ ಹಾಕಬಹುದಾ ಮೇಡಂ?”

“ಬೇಡ. ಒಂದು ವಾರ ಕೊಡು. ಎರಡು ಡಿಗ್ರಿಗೆ ಪೆಟ್ಟಿಗೆಯೊಳಗೆ ಏನಾಗುತ್ತೆ ಅಂತ ಅಳೆದು ಹೇಳ್ತೀನಿ.”

ಅವನು ಕಡತವನ್ನು ನನ್ನ ಮೇಜಿನ ಮೇಲಿಟ್ಟು ಹೋದ. ನಾನು ಪೆಟ್ಟಿಗೆಯೊಳಗೆ ಇಡಲು ಎರಡು ಚಿಕ್ಕ ತಾಪಮಾಪಕ ಹುಡುಕತೊಡಗಿದೆ.